ಬಿರುಬಿಸಿಲಿನಿಂದ ಆಲಿಕಲ್ಲು ಮಳೆಗೆ: ಮುಂಗಾರು ಪೂರ್ವ ಹವಾಮಾನ ಬದಲಾವಣೆ ಮತ್ತು ಗ್ರಾಮಗಳ ಸಿದ್ಧತೆ

ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಹಾಗೂ ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿ ಭಾಗಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ, ಮಧ್ಯಾಹ್ನ ಬಿಸಿಲು ಸುಟ್ಟ ದಿನವೇ ಸಂಜೆ ಗುಡುಗು, ಬಿರುಗಾಳಿ ಸಹಿತ ಮಳೆಯಾಗುವುದುಂಟು. ಈ ಬದಲಾವಣೆ ಕೆಲವೇ ಗಂಟೆಗಳಲ್ಲಿ ಸಂಭವಿಸುತ್ತದೆ. ಕಣದಲ್ಲಿ ಒಣಗುತ್ತಿರುವ ಭತ್ತ, ಗೊನೆ ಬಿಟ್ಟ ಬಾಳೆ, ಬಯಲಿನಲ್ಲಿರುವ ಕುರಿಗಾಹಿಯ ಜೀವ ಇವೆಲ್ಲವೂ ಆ ಕೆಲವು ಗಂಟೆಗಳ ಸಿದ್ಧತೆಯನ್ನು ಅವಲಂಬಿಸಿವೆ.

ಕಾರಣವೇನು?

ಬಿಸಿಲಿಗೆ ಕಾದ ನೆಲವು ತನ್ನ ಮೇಲಿನ ಗಾಳಿಯನ್ನು ಬಿಸಿಮಾಡುತ್ತದೆ. ಹಗುರಗೊಂಡ ಗಾಳಿ ಮೇಲೇರುತ್ತದೆ. ಗಾಳಿ ಒಣಗಿದ್ದರೆ ಸೆಕೆಯಷ್ಟೇ ಉಳಿಯುತ್ತದೆ. ಆದರೆ ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನವರೆಗೆ ಈ ಋತುವಿನಲ್ಲಿ ಆಗಾಗ್ಗೆ ಕಡಿಮೆ ಒತ್ತಡದ ಪಟ್ಟಿಯೊಂದು ಉಂಟಾಗುತ್ತದೆ. ಅದು ಸಮುದ್ರದ ತೇವಾಂಶವನ್ನು ಒಳನಾಡಿಗೆ ಸೆಳೆದಾಗ, ಮೇಲೇರುವ ಗಾಳಿಯಿಂದ ಎತ್ತರದ ಗುಡುಗು ಮೋಡಗಳು ಬೆಳೆಯುತ್ತವೆ. ಸಂಡೂರಿನ ಬೆಟ್ಟಸಾಲುಗಳಂತಹ ಏರುನೆಲ ಗಾಳಿ ಮೇಲೇರಲು ಮತ್ತಷ್ಟು ನೆರವಾಗುತ್ತದೆ.

ಹಿಮಾಲಯದಲ್ಲಿ ಪಶ್ಚಿಮದ ಮಾರುತಗಳು ಹಿಮ ಸುರಿಸುತ್ತವೆ. ನಮ್ಮ ಬಯಲುಸೀಮೆಗೆ ಮಂಜುಗಡ್ಡೆ ಬರುವುದು ಆಲಿಕಲ್ಲಿನ ರೂಪದಲ್ಲಿ ಮಾತ್ರ. ನೆಲದಲ್ಲಿ ಎಷ್ಟೇ ಸೆಕೆಯಿದ್ದರೂ ಸುಮಾರು 5 ಕಿ.ಮೀ. ಎತ್ತರದಲ್ಲಿ ತಾಪಮಾನ ಶೂನ್ಯ ಡಿಗ್ರಿಗೆ ಇಳಿದಿರುತ್ತದೆ. ಮೋಡದೊಳಗಿನ ಬಲವಾದ ಗಾಳಿ ನೀರಹನಿಗಳನ್ನು ಅದಕ್ಕೂ ಮೇಲಕ್ಕೆ ಒಯ್ದಾಗ ಅವು ಹೆಪ್ಪುಗಟ್ಟಿ, ಪದರ ಪದರವಾಗಿ ಬೆಳೆದು, ಭಾರ ತಾಳಲಾರದೆ ಬೀಳುತ್ತವೆ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನವು 1901ರ ನಂತರದ ಫೆಬ್ರವರಿಗಳಲ್ಲೇ ಅತ್ಯಧಿಕವಾಗಿತ್ತು. ಮರುತಿಂಗಳ ಮಧ್ಯದಲ್ಲಿ ಬೀದರ್ ಜಿಲ್ಲೆಯ ಹೊಲಗಳು ಆಲಿಕಲ್ಲಿನಿಂದ ಹಿಮ ಬಿದ್ದಂತೆ ಬಿಳಿಯಾಗಿದ್ದವು.

ವಹಿಸಬೇಕಾದ ಎಚ್ಚರಿಕೆ

* ಭತ್ತ: ಕಟಾವಿಗೆ ಮುನ್ನ ಹವಾಮಾನ ಮುನ್ಸೂಚನೆ ನೋಡುವುದು. ರಾಶಿಯ ಬಳಿ ತಾಡಪತ್ರಿ ಸಿದ್ಧವಿರಿಸುವುದು. ಸಂಜೆಗೆ ಮುನ್ನ ಭತ್ತ ಒಟ್ಟುಗೂಡಿಸುವುದು.
* ಬಾಳೆ: ಗೊನೆ ಬಿಟ್ಟ ಗಿಡಗಳಿಗೆ ಗಳುವಿನ ಆಸರೆ ಕೊಡುವುದು. ಮಳೆಯ ನಂತರ ತೋಟದಲ್ಲಿ ನಿಂತ ನೀರನ್ನು ಬಸಿದುಹಾಕುವುದು.
* ಸಿಡಿಲು: ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಕೂಡಲೇ ಪಕ್ಕಾ ಕಟ್ಟಡ ಸೇರುವುದು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬಾರದಿರುವುದು. ಮರದಡಿ ನಿಲ್ಲಬಾರದು. ಸಿಡಿಲು ಬಡಿದವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಿ ತಕ್ಷಣ ಪ್ರಥಮ ಚಿಕಿತ್ಸೆ ನೀಡಬಹುದು.
* ಹಂಪಿ: ಮೋಡ ಕವಿದಾಗ ಪ್ರವಾಸಿಗರು ಮಾತಂಗ ಬೆಟ್ಟದಂತಹ ಎತ್ತರದ ಬಂಡೆಗಳಿಂದ ಇಳಿಯುವುದು, ತುಂಗಭದ್ರೆಯಲ್ಲಿ ಹರಿಗೋಲು ಇಳಿಸದಿರುವುದು.
* ವಿದ್ಯುತ್: ತುಂಡಾಗಿ ಬಿದ್ದ ತಂತಿಯ ಬಳಿ ಹೋಗದೆ ಜೆಸ್ಕಾಂನ 1912ಕ್ಕೆ ಕರೆ ಮಾಡುವುದು.

ನಷ್ಟವಾದಲ್ಲಿ

ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲಿನಿಂದ ಹಾನಿಯಾದರೆ 72 ಗಂಟೆಯೊಳಗೆ ಮಾಹಿತಿ ನೀಡುವುದು ಕಡ್ಡಾಯ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೂ 14 ದಿನಗಳವರೆಗೆ ರಕ್ಷಣೆಗೆ ಅವಕಾಶವಿದೆ. ವಿಪತ್ತು ಪರಿಹಾರ ನಿಧಿಯ ನೆರವಿಗೆ ಬೆಳೆಹಾನಿ ಶೇ. 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಆದ್ದರಿಂದ ಹೊಲ ಹಸನು ಮಾಡುವ ಮೊದಲೇ ಹಾನಿಯ ಛಾಯಾಚಿತ್ರ ತೆಗೆದು, ಗ್ರಾಮ ಆಡಳಿತಾಧಿಕಾರಿ ಹಾಗೂ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು.

ಮುನ್ಸೂಚನೆ ಬಂದ ದಿನ ಗ್ರಾಮ ಪಂಚಾಯಿತಿಗಳು ಕಸ ಸಂಗ್ರಹಣಾ ವಾಹನದ ಧ್ವನಿವರ್ಧಕದ ಮೂಲಕ ಬೆಳಿಗ್ಗೆಯೇ ಪ್ರಚಾರ ಮಾಡಿದರೆ, ಮೊಬೈಲ್ ಇಲ್ಲದ ಕುರಿಗಾಹಿಗೂ ಕೂಲಿಕಾರರಿಗೂ ಹೊಲಕ್ಕೆ ಹೊರಡುವ ಮುನ್ನವೇ ಸುದ್ದಿ ತಲುಪುತ್ತದೆ.