ಶೆಡ್ಡಿನ ಕಾರಿಗೆ ಬೆಲೆ ಕಟ್ಟುವ ಬಗೆ

ನಾಗಪುರದ ಸೀತಾಬರ್ಡಿಯಂತಹ ಹಳೆಯ ಬಡಾವಣೆಯ ಶೆಡ್ಡೊಂದರಲ್ಲಿ 1940ರ ದಶಕದ ಕಾರು ಉಳಿದಿದ್ದರೆ, ಅದರ ಕಾಗದಪತ್ರಗಳಲ್ಲಿ ಒಂದಕ್ಕಿಂತ ಹೆಚ್ಚು ರಾಜ್ಯಗಳ ಮೊಹರು ಕಾಣಬಹುದು. ಏಕೆಂದರೆ ಬ್ರಿಟಿಷರ ಕಾಲದ ಮಧ್ಯಪ್ರಾಂತ್ಯದ ರಾಜಧಾನಿಯಾಗಿದ್ದ ಈ ನಗರವು ಸ್ವಾತಂತ್ರ್ಯಾನಂತರ ಮಧ್ಯಪ್ರದೇಶದಲ್ಲಿದ್ದು, 1956ರಲ್ಲಿ ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿತು. ಇಂತಹ ಕಾರನ್ನು ಮಾರುವವರು ಮೊದಲು ಹುಡುಕಬೇಕಾದುದು ಈ ಪತ್ರಗಳನ್ನೇ. ಮೂಲ ಮಾಲೀಕರು ತೀರಿಕೊಂಡಿದ್ದರೆ, ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ನೋಂದಣಿಯನ್ನು ಬದಲಾಯಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಕರ್ತವ್ಯವೆಂದರೆ ಕಾರನ್ನು ಇದ್ದಂತೆಯೇ ಉಳಿಸುವುದು. ಬಹುಕಾಲ ನಿಂತ ಎಂಜಿನ್ನಿನ ಸಿಲಿಂಡರುಗಳ ಒಳಗೋಡೆ ತುಕ್ಕು ಹಿಡಿದು, ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರನ್ನು ಕಟ್ಟಿ, ತೇವ ಹೀರಿದ ಬ್ರೇಕ್ ಆಯಿಲ್ ಬ್ರೇಕನ್ನು ಬಿಗಿಗೊಳಿಸಿರುವುದರಿಂದ, ಪರಿಶೀಲಿಸದೆ ಸ್ಟಾರ್ಟ್ ಮಾಡಿದರೆ ಹಾನಿ ಹೆಚ್ಚುತ್ತದೆ. ನಾಗಪುರವಿರುವ ವಿದರ್ಭದ ಬಿಸಿಲು ರಬ್ಬರನ್ನು ಬಿರಿಸಿರುತ್ತದೆ, ಮಳೆಗಾಲ ತಗಡನ್ನು ತಿಂದಿರುತ್ತದೆ. ಆದರೂ ಸಂಗ್ರಾಹಕರು ಕಾರ್ಖಾನೆಯ ಬಣ್ಣ, ಮೂಲ ಸೀಟು, ದಾಖಲೆಗೆ ಹೊಂದುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳಿಗೆ ಬೆಲೆ ಕಟ್ಟುವುದರಿಂದ, ಮಾರಾಟಕ್ಕೆಂದು ಬಳಿಸಿದ ಹೊಸ ಬಣ್ಣವು ಬೆಲೆಯನ್ನು ತಗ್ಗಿಸಲೂಬಹುದು.

ಕಾನೂನೂ ಇದೇ ದಾರಿಯಲ್ಲಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, 50 ವರ್ಷ ಮೀರಿದ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದ ವಾಹನವೇ ‘ವಿಂಟೇಜ್’. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದ್ದು, ಅದು 10 ವರ್ಷ ಊರ್ಜಿತದಲ್ಲಿರುತ್ತದೆ. ಈಗಾಗಲೇ ನೋಂದಣಿಯಾದ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮಾರಾಟಕ್ಕೆ ಅವಕಾಶವಿದ್ದರೂ ನಿತ್ಯದ ಓಡಾಟಕ್ಕೂ ವಾಣಿಜ್ಯ ಬಳಕೆಗೂ ಇಂತಹ ವಾಹನವನ್ನು ರಸ್ತೆಗಿಳಿಸುವಂತಿಲ್ಲ.

ಕೊನೆಯ ತೊಡಕು ತೆರಿಗೆಯದು. ಸ್ವಂತ ಬಳಕೆಯ ಚರಾಸ್ತಿಯ ಮಾರಾಟದಿಂದ ಬಂದ ಹಣಕ್ಕೆ ಬಂಡವಾಳ ಲಾಭದ ತೆರಿಗೆ, ಅಂದರೆ ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲಿನ ತೆರಿಗೆ, ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ 1983ರಲ್ಲಿ 20,000 ರೂಪಾಯಿಗೆ ಕೊಂಡು ಮುಂದೆ 21 ಲಕ್ಷಕ್ಕೆ ಮಾರಿದ 1931ರ ಫೋರ್ಡ್ ಕಾರೊಂದರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಕಾರು ಸ್ವಂತ ಬಳಕೆಗೆ ಯೋಗ್ಯವಾಗಿದ್ದರಷ್ಟೇ ಸಾಲದು, ವಾಸ್ತವವಾಗಿ ಬಳಸಿದ್ದಕ್ಕೆ ಪುರಾವೆ ಬೇಕೆಂದು 2025ರಲ್ಲಿ ತೀರ್ಪಿತ್ತಿತು. ನಾಗಪುರವೂ ಇದೇ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ. ಆದುದರಿಂದ ಹಳೆಯ ವಿಮಾ ಪತ್ರ, ಗ್ಯಾರೇಜಿನ ಬಿಲ್ಲು, ಪೆಟ್ರೋಲ್ ರಸೀದಿ, ಕುಟುಂಬದ ಫೋಟೊಗಳನ್ನು ರದ್ದಿಗೆ ಹಾಕದಿರುವುದು ಒಳಿತು. ಕೊಳ್ಳುವವರಿಗೆ ಕಾರಿನ ಅಸಲಿತನವನ್ನೂ ತೆರಿಗೆ ಅಧಿಕಾರಿಗೆ ಅದರ ಬಳಕೆಯನ್ನೂ ತೋರಿಸಲು ಈ ಕಾಗದಗಳೇ ಆಧಾರ.