ಸಾಯಲೊಲ್ಲದ ಸೂರ್ಯಕಾಂತಿ

ನಮ್ಮ ಗದಗ, ಕೊಪ್ಪಳದ ಹೊಲಗಳ ಸೂರ್ಯಕಾಂತಿಗೆ ಆಯುಷ್ಯ ಮೂರು, ಮೂರೂವರೆ ತಿಂಗಳು. ಹೂ ಬಿಟ್ಟಿತು, ಕಾಳು ಕಟ್ಟಿತು, ಒಣಗಿತು. ಆದರೆ ಇದೇ ಕುಲದ ಇನ್ನೊಂದು ಗಿಡ ಉತ್ತರ ಅಮೆರಿಕದಲ್ಲಿದೆ. ಒಮ್ಮೆ ನೆಟ್ಟರೆ ಮುಗಿಯಿತು, ವರ್ಷ ವರ್ಷವೂ ತಾನೇ ಎದ್ದು ಬರುತ್ತದೆ! ಹೆಸರು ಸನ್‌ಚೋಕ್.

ಬೇಸಿಗೆ ಕಳೆಯುವಷ್ಟರಲ್ಲಿ ಆಳೆತ್ತರ ದಾಟಿ, ಕೆಲವೊಮ್ಮೆ ಹತ್ತಡಿಗೇರಿದ ಗಿಡದ ತುದಿಯಲ್ಲಿ ಅಂಗೈಗಿಂತ ಚಿಕ್ಕ ಹಳದಿ ಹೂಗಳು. ಒಂದನ್ನು ಕಿತ್ತು ಭೂತಗನ್ನಡಿ ಹಿಡಿಯಿರಿ. ಅರೆ, ಇದು ಒಂದು ಹೂವೇ ಅಲ್ಲ! ಅಂಚಿನ ಒಂದೊಂದು ಎಸಳೂ ಒಂದೊಂದು ಹೂವು. ಕಾಳು ಕಟ್ಟದು, ಜೇನ್ನೊಣವನ್ನು ಕರೆಯುವುದಷ್ಟೇ ಅದರ ಕೆಲಸ. ನಡುವಿನ ಬಿಲ್ಲೆಯಲ್ಲಿ ಹತ್ತಾರು ಪುಟಾಣಿ ಹೂಗಳು, ಅಂಚಿನಿಂದ ಒಳಕ್ಕೆ ಸರದಿಯಂತೆ ಅರಳುತ್ತವೆ. ಪ್ರತಿಯೊಂದೂ ಮೊದಲು ಗಂಡು, ಪರಾಗವನ್ನು ಹೊರದಬ್ಬುತ್ತದೆ. ಆಮೇಲೆ ಹೆಣ್ಣು, ಶಲಾಕಾಗ್ರ ಎರಡಾಗಿ ಸೀಳಿ ಹೊರಕ್ಕೆ ಸುರುಳಿಯಾಗುತ್ತದೆ!

ನಿಜವಾದ ಸೋಜಿಗ ಇರುವುದು ಮಣ್ಣಿನೊಳಗೆ. ಹಗಲು ಕಿರಿದಾಗುತ್ತಿದ್ದಂತೆ ಗಿಡ ತನ್ನ ದುಡಿಮೆಯನ್ನೆಲ್ಲ ಕೆಳಗಿಳಿಸಿ, ಹಸಿಶುಂಠಿಯಂಥ ಗಂಟುಗಂಟು ಗೆಡ್ಡೆಗಳಲ್ಲಿ ತುಂಬಿಡುತ್ತದೆ. ಅದರಲ್ಲಿ ಆಲೂಗಡ್ಡೆಯ ಪಿಷ್ಟವಿಲ್ಲ. ಇರುವುದು ಇನುಲಿನ್, ಫ್ರಕ್ಟೋಸ್ ಸಕ್ಕರೆಯ ಸರಪಳಿ. ಮಲೆನಾಡಿನ ಅಂಗಳದ ಡೇಲಿಯಾ ಗೆಡ್ಡೆಯಲ್ಲಿರುವುದೂ ಅದೇ! ಚಳಿಗೆ ಸರಪಳಿ ತುಂಡಾದಂತೆ ಗೆಡ್ಡೆ ಸಿಹಿಯಾಗುತ್ತದೆ. ನಮ್ಮ ಸಣ್ಣ ಕರುಳಿಗೆ ಇನುಲಿನ್ ಅರಗದು; ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಹಬ್ಬದೂಟ. ಅದರ ಫಲ ಹೊಟ್ಟೆಯ ಗುಡುಗು!

ಹುಟ್ಟಿನ ಕತೆ ಇನ್ನೂ ವಿಚಿತ್ರ. ಹೊಲದ ಸೂರ್ಯಕಾಂತಿಗೆ 34 ವರ್ಣತಂತುಗಳಾದರೆ ಇದಕ್ಕೆ 102. 34ರದೊಂದು, 68ರದೊಂದು, ಹೀಗೆ ಎರಡು ಕಾಡುಜಾತಿಗಳು ಎಂದೋ ತಮ್ಮ ಅರ್ಧರ್ಧ ವರ್ಣತಂತು ಬೆರೆಸಿ, ಆ ಗಂಟೇ ಇಮ್ಮಡಿಯಾಗಿ ಹುಟ್ಟಿದ ಗಿಡವಿದು ಎಂಬುದನ್ನು 2014ರಲ್ಲಿ ತಳಿವಿಜ್ಞಾನಿಗಳು ಬಿಡಿಸಿಟ್ಟರು.

1605ರಲ್ಲಿ ಫ್ರೆಂಚ್ ಅನ್ವೇಷಕ ಸಾಮ್ಯುಯೆಲ್ ದ ಶಾಂಪ್ಲೇನ್ ಕೇಪ್ ಕಾಡ್‌ನ ಮೂಲನಿವಾಸಿಗಳ ತೋಟಗಳಲ್ಲಿ ಇದನ್ನು ಕಂಡ. 1617ರಲ್ಲಿ ಇಂಗ್ಲೆಂಡಿನ ಸಸ್ಯಜ್ಞ ಜಾನ್ ಗುಡ್‌ಯರ್‌ಗೆ ಕೋಳಿಮೊಟ್ಟೆ ಗಾತ್ರದ ಎರಡು ಗೆಡ್ಡೆ ಸಿಕ್ಕವು. ಒಂದನ್ನು ಗೆಳೆಯನಿಗೆ ಕೊಟ್ಟ, ಒಂದನ್ನು ನೆಟ್ಟ. ಆ ಒಂದರಿಂದಲೇ ಒಂಬತ್ತು ಲೀಟರಿನ ಕೊಳಗ ತುಂಬಿ, ಹ್ಯಾಂಪ್‌ಷೈರ್‌ಗೆಲ್ಲ ಹಂಚುವಷ್ಟಾಯಿತು! ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ಅಡುಗೆಮನೆಗಳಲ್ಲಿ ಆಲೂಗಡ್ಡೆಯ ಕೊರತೆ ತುಂಬಿದ್ದೂ ಇದೇ.

ನೆಡುವುದು ಸುಲಭ. ವಸಂತದಲ್ಲಿ, ಒಳ್ಳೆಯ ಬಿಸಿಲು ಬೀಳುವೆಡೆ, ಕಣ್ಣಿರುವ ಗೆಡ್ಡೆಯನ್ನು ನಾಲ್ಕೈದು ಅಂಗುಲ ಆಳಕ್ಕೆ, ಒಂದೂವರೆ ಅಡಿ ಅಂತರದಲ್ಲಿ ಹೂಳಿ. ಹಿಮಕ್ಕೆ ಕಾಂಡ ಕಪ್ಪಾದ ಮೇಲೆ ಅಗೆಯಿರಿ. ಸಿಪ್ಪೆ ತೆಳು, ಕಿತ್ತಿಟ್ಟರೆ ಬೇಗ ಬಾಡುತ್ತದೆ. ಮಣ್ಣೇ ಇದರ ಉಗ್ರಾಣ, ಬೇಕಾದಾಗ ಬೇಕಾದಷ್ಟೇ ಕೀಳಿ. ಬೇಲಿ ಬದಿಯ ಮೂಲೆ ಕೊಟ್ಟರೆ ಚೆನ್ನ. ಟೊಮೆಟೊ ಮಡಿಯ ಪಕ್ಕ ಮಾತ್ರ ಬೇಡ. ಕೈತಪ್ಪಿ ಉಳಿದ ಬೆರಳುಗಾತ್ರದ ಚೂರೊಂದು ಸಾಕು, ಮರುವರ್ಷ ಆ ಮಡಿಯೂ ಇದರದ್ದೇ!