ತುತ್ತು ಇಳಿಯುವ ದಾರಿ

ನಮ್ಮ ಜಮಾಅತಿನ ಹಿರಿಯರೊಬ್ಬರು ಊಟಕ್ಕೆ ಕೂತರೆ ಪಕ್ಕದಲ್ಲಿ ಒಂದು ಚೊಂಬು ನೀರು ಇರಲೇಬೇಕಿತ್ತು. ತುತ್ತು ಎದೆಯ ನಡುವೆ ನಿಂತುಬಿಡುತ್ತದೆ, ನೀರು ಕುಡಿದರೆ ಮಾತ್ರ ಇಳಿಯುತ್ತದೆ ಎನ್ನುತ್ತಿದ್ದರು. "ಗ್ಯಾಸ್ ಉಸ್ತಾದ್, ವಯಸ್ಸಾಯಿತಲ್ಲ" ಎಂದು ನಕ್ಕುಬಿಡುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಬರಬರುತ್ತಾ ಅವರು ಮದುವೆ ಊಟಗಳಿಗೆ ಬರುವುದನ್ನು ನಿಲ್ಲಿಸಿದರು. ತೂಕ ಇಳಿಯಿತು. ರಾತ್ರಿ ಮಲಗಿದರೆ ಉಂಡದ್ದು ಬಾಯಿಗೆ ಬಂದು ಕೆಮ್ಮು ಹತ್ತುತ್ತಿತ್ತು. ಒಂದು ವರ್ಷ ಕಳೆದ ಮೇಲೆ ಮಗ ಒತ್ತಾಯ ಮಾಡಿ ಪರೀಕ್ಷೆ ಮಾಡಿಸಿದಾಗ ಅದು ಗ್ಯಾಸ್ ಅಲ್ಲ, 'ಅಕಲೇಶಿಯಾ' ಎಂಬ ಅನ್ನನಾಳದ ಕಾಯಿಲೆ ಎಂದು ತಿಳಿಯಿತು. ಅಂದಿನಿಂದ ಈ ವಿಷಯವನ್ನು ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಪ್ರಿಯ ಓದುಗರೇ, ಬಿಸ್ಮಿಲ್ಲಾಹ್ ಹೇಳಿ ತುತ್ತನ್ನು ಬಾಯಿಗಿಡುವುದು, ಅಗಿಯುವುದು ನಮ್ಮ ಕೈಯಲ್ಲಿದೆ. ಗಂಟಲು ದಾಟಿದ ಮೇಲೆ ಅದು ನಮ್ಮ ಹಿಡಿತದಲ್ಲಿಲ್ಲ. ಅನ್ನನಾಳವೆಂದರೆ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತು ಅದರೊಳಗೆ ಬಾವಿಗೆ ಎಸೆದ ಕಲ್ಲಿನಂತೆ ಬೀಳುವುದಿಲ್ಲ. ಕೊಳವೆಯು ತುತ್ತಿನ ಮುಂದೆ ಸಡಿಲವಾಗಿ, ಹಿಂದೆ ಬಿಗಿಯಾಗಿ, ಸುಮಾರು ಹತ್ತು ಸೆಕೆಂಡುಗಳಲ್ಲಿ ಅದನ್ನು ಹೊಟ್ಟೆಗೆ ತಲುಪಿಸುತ್ತದೆ. ಹಾಸಿಗೆ ಹಿಡಿದ ರೋಗಿ ಮಲಗಿದಲ್ಲೇ ನುಂಗಬಲ್ಲದ್ದು ಇದರಿಂದಲೇ.

ಕೊಳವೆಯ ಕೆಳತುದಿಯಲ್ಲಿ ಒಂದು ಸ್ನಾಯುವಿನ ಉಂಗುರವಿದೆ. ಹೊಟ್ಟೆಯ ಆಮ್ಲ ಮೇಲೆ ಬರದಂತೆ ಅದು ಹೆಚ್ಚಿನ ಹೊತ್ತು ಬಿಗಿದುಕೊಂಡೇ ಇರುತ್ತದೆ. ನುಂಗಿದಾಗ ಕೆಲವೇ ಸೆಕೆಂಡು ಸಡಿಲಗೊಳ್ಳುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಚಾರ್ಲ್ಸ್ ಕೋಡ್ ಮತ್ತು ಸಂಗಡಿಗರು ಒತ್ತಡ ಅಳೆಯುವ ನಳಿಕೆಯನ್ನು ಮನುಷ್ಯರ ಅನ್ನನಾಳಕ್ಕೆ ಇಳಿಸಿ 1956ರಲ್ಲಿ ಇದನ್ನು ತೋರಿಸಿದರು.

ಹಾಗಾದರೆ ಬಿಗಿಯುವಂತೆ, ಸಡಿಲಾಗುವಂತೆ ಸ್ನಾಯುವಿಗೆ ಹೇಳುವವರು ಯಾರು? ಇಲ್ಲಿ ಬರುತ್ತವೆ ಅಯಾನ್ ಚಾನೆಲ್‌ಗಳು. ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುತ್ತಿನ ಅಂಶ ಹೊತ್ತ ಕಣಗಳಾಗಿ ಬಿಡಿಬಿಡಿಯಾಗುತ್ತದೆ. ಅಂಥ ಕಣಗಳೇ ಅಯಾನುಗಳು. ಪ್ರತಿ ಜೀವಕೋಶದ ಪೊರೆಯಲ್ಲಿ ಅವು ಓಡಾಡಲು ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ಕೋಶದ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಂ ಅಯಾನುಗಳು ಹೊರಗಿರುತ್ತವೆ. ಅವುಗಳ ಬಾಗಿಲು ತೆರೆದರೆ ಒಳಗೆ ನುಗ್ಗುತ್ತವೆ, ಸ್ನಾಯು ಬಿಗಿಯುತ್ತದೆ. ಪೊಟ್ಯಾಸಿಯಂ ಬಾಗಿಲು ತೆರೆದರೆ ಕೋಶ ಶಾಂತವಾಗುತ್ತದೆ, ಸ್ನಾಯು ಸಡಿಲವಾಗುತ್ತದೆ.

ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್ಮನ್ 1976ರಲ್ಲಿ ಒಂದೇ ಒಂದು ಬಾಗಿಲಿನ ವಿದ್ಯುತ್ತನ್ನು ಗಾಜಿನ ಸೂಕ್ಷ್ಮ ನಳಿಕೆಯಿಂದ ಅಳೆದರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಆ ವಿಧಾನ ಅನ್ನನಾಳದ ಅಧ್ಯಯನಕ್ಕೂ ದಾರಿ ತೆರೆಯಿತು. ಹಮೀದ್ ಅಕ್ಬರಲಿ ಎಂಬ ವಿಜ್ಞಾನಿ ವೇಯ್ನ್ ಗೈಲ್ಸ್ ಅವರೊಂದಿಗೆ 1993ರಲ್ಲಿ ಮೊಲದ ಅನ್ನನಾಳದ ಸ್ನಾಯುಕೋಶಗಳಲ್ಲಿ ಕ್ಯಾಲ್ಸಿಯಂ ಬಾಗಿಲುಗಳನ್ನೂ, ಕ್ಯಾಲ್ಸಿಯಂ ಒಳಬಂದಾಗ ತೆರೆಯುವ ಕ್ಲೋರೈಡ್ ಬಾಗಿಲುಗಳನ್ನೂ ವಿವರಿಸಿದರು. 1999ರಲ್ಲಿ ರಾಜ್ ಗೋಯಲ್ ಮೊದಲಾದವರ ಜೊತೆ ಅವರು ಒಪಾಸಮ್ ಎಂಬ ಅಮೆರಿಕದ ಪ್ರಾಣಿಯನ್ನು ಆರಿಸಿಕೊಂಡರು. ಅದರ ಅನ್ನನಾಳದ ಕೆಳಭಾಗ ಮನುಷ್ಯರದ್ದನ್ನು ಹೋಲುತ್ತದೆ. ಹೃದಯದಲ್ಲಿ ಗುರುತಿಸಿದ್ದ ಒಂದು ಬಗೆಯ ಪೊಟ್ಯಾಸಿಯಂ ಬಾಗಿಲು ಅಲ್ಲಿಯೂ ಇದೆಯೆಂದೂ, ಸ್ನಾಯುವನ್ನು ಶಾಂತವಾಗಿಡುವುದರಲ್ಲಿ ಅದಕ್ಕೆ ಪಾಲಿದೆಯೆಂದೂ ಕಂಡುಬಂತು.

ಈ ಬಾಗಿಲುಗಳಿಗೆ ನರಗಳಿಂದಲೂ ಸಂದೇಶ ಬರುತ್ತದೆ. ನುಂಗಿದ ಕೂಡಲೇ ನರತುದಿಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. 'ಸ್ವಲ್ಪ ತಡೆ' ಎಂಬುದೇ ಅದರ ಸಂದೇಶ. ಆ ತಡೆ ಮೇಲ್ಭಾಗದಲ್ಲಿ ಬೇಗ ಮುಗಿಯುತ್ತದೆ, ಕೆಳಗೆ ಹೋದಂತೆ ತಡವಾಗಿ ಮುಗಿಯುತ್ತದೆ. ಹೀಗಾಗಿ ಬಿಗಿತವು ಮೇಲಿನಿಂದ ಕೆಳಕ್ಕೆ ಅಲೆಯಾಗಿ ಇಳಿಯುತ್ತದೆ. ಗಟಗಟನೆ ನೀರು ಕುಡಿಯುವಾಗ ಅನ್ನನಾಳ ಸುಮ್ಮನೆ ಕಾದಿದ್ದು, ಕೊನೆಯ ಗುಟುಕಿನ ನಂತರವೇ ಒಂದು ಪೂರ್ಣ ಅಲೆ ಹೊರಡಿಸುತ್ತದೆ.

ಅಕಲೇಶಿಯಾದಲ್ಲಿ ಸಾಯುವುದು ಈ 'ತಡೆ' ಹೇಳುವ ನರಕೋಶಗಳೇ. ಉಂಗುರ ತೆರೆಯುವುದಿಲ್ಲ, ಅಲೆಯೂ ಹೊರಡುವುದಿಲ್ಲ. 1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ಇಂಥ ರೋಗಿಯೊಬ್ಬನ ಕಥೆ ಬರೆದಿದ್ದಾರೆ: ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ, ಅದರಿಂದ ಆತ ಅನ್ನವನ್ನು ಒಳಗೆ ದೂಡಿಕೊಳ್ಳುತ್ತಿದ್ದ. ಇಂದು ಬಲೂನಿನಿಂದ ಉಂಗುರವನ್ನು ಹಿಗ್ಗಿಸುತ್ತಾರೆ, ಇಲ್ಲವೇ ಸ್ನಾಯುವನ್ನು ಕೊಯ್ದು ಸಡಿಲಿಸುತ್ತಾರೆ. ಈ ಶಸ್ತ್ರಚಿಕಿತ್ಸೆಯನ್ನು 1913ರಲ್ಲಿ ಅರ್ನ್ಸ್ಟ್ ಹೆಲ್ಲರ್ ಮಾಡಿದರು. 2008ರಿಂದ ಬಾಯಿಯ ಮೂಲಕವೇ ಎಂಡೋಸ್ಕೋಪಿಯಿಂದ ಮಾಡುವ ಕ್ರಮವೂ ಬಂದಿದೆ. ಕ್ಯಾಲ್ಸಿಯಂ ಬಾಗಿಲನ್ನು ಮುಚ್ಚುವ ನಿಫೆಡಿಪಿನ್ ಎಂಬ ಬಿ.ಪಿ. ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ, ಆದರೆ ಅದರ ಉಪಕಾರ ಅಲ್ಪ. ಸತ್ತ ನರ ಮರಳಿ ಬರುವುದಿಲ್ಲ. ಆದರೂ ದಾರಿ ತೆರೆದರೆ ಊಟ ತನ್ನ ಭಾರದಿಂದಲೇ ಇಳಿಯುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಎದೆಯುರಿ. ಉಂಗುರ ಬೇಡದ ಹೊತ್ತಿನಲ್ಲಿ ಸಡಿಲವಾದರೆ ಆಮ್ಲ ಮೇಲೇರುತ್ತದೆ. ಸಹರಿಗೆ ಹೊಟ್ಟೆ ತುಂಬ ಉಂಡು, ಫಜ್ರ್ ಆದೊಡನೆ ಮಲಗುವವರಿಗೆ ಇದರ ಅನುಭವವಿರುತ್ತದೆ. ಮಿತವಾಗಿ ಉಣ್ಣಿ. ಉಂಡು ಎರಡು ಮೂರು ಗಂಟೆ ಮಲಗಬೇಡಿ. ಮಲಗಲೇಬೇಕಾದರೆ ಮಂಚದ ತಲೆಭಾಗ ಎತ್ತರವಿರಲಿ.

ಆದರೆ ತುತ್ತು ಸಿಕ್ಕಿಕೊಳ್ಳುವುದನ್ನು ಎದೆಯುರಿಯಂತೆ ಮನೆಮದ್ದಿಗೆ ಬಿಡಬೇಡಿ. ಅದು ಅಕಲೇಶಿಯಾ ಆಗಿರಬಹುದು, ಅನ್ನನಾಳದ ಕ್ಯಾನ್ಸರೂ ಆಗಿರಬಹುದು. ಬೀಡಿ, ತಂಬಾಕು ಅಭ್ಯಾಸವಿರುವವರಿಗಂತೂ ಇನ್ನಷ್ಟು ಎಚ್ಚರ ಬೇಕು. ಜೊತೆಗೆ ತೂಕ ಇಳಿಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ನಮ್ಮ ಆ ಹಿರಿಯರಿಗೆ ಚಿಕಿತ್ಸೆಯಾಯಿತು. ಈಗ ನಿಧಾನವಾಗಿ, ಚೆನ್ನಾಗಿ ಅಗಿದು ಉಣ್ಣುತ್ತಾರೆ. ಕಳೆದ ತಿಂಗಳು ಒಂದು ವಲೀಮಾದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಕೈ ತೊಳೆದು "ಅಲ್‌ಹಮ್ದುಲಿಲ್ಲಾಹ್" ಎಂದಾಗ ಅವರ ಕಣ್ಣು ತುಂಬಿತ್ತು. ನಿಮ್ಮ ಮನೆಯಲ್ಲಿಯೂ ಯಾರಾದರೂ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದಾರೆಯೇ? ಇವತ್ತು ಊಟಕ್ಕೆ ಕೂತಾಗ ಒಮ್ಮೆ ಗಮನಿಸಿ.